ಪಾಯಖಾನಿಗೊಬ್ಬ ಪಾಲುದಾರ

ಸರ್ಕಾರಿ ಕಚೇರಿಯಲ್ಲಿ ಟೆಂಡರ್ ಫೈಲು ಹಿಡಿದು ಕೂತವನು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ನಗುವೇ ಬಾಗಿಲು ತಳ್ಳಿಕೊಂಡು ಬರುತ್ತದೆ. ನಾನು ಗುಮಾಸ್ತ. ಮೂಡಲಗಿ, ಹುಕ್ಕೇರಿ, ಗೋಕಾಕ ಮೂರೂ ಕಡೆ ಸಂತೆ ಬಯಲಿನ ಹತ್ತಿರ ಶೌಚಾಲಯ ಕಟ್ಟಿಸುವ ಫೈಲು ನನ್ನ ಮೇಜಿಗೆ ಬಂತು. ಜಾಗ ಸರ್ಕಾರದ್ದು, ಕಟ್ಟುವುದು, ನಡೆಸುವುದು ಖಾಸಗಿಯವರದು. ಶೌಚಕ್ಕೆ ಜಾಗವಿಲ್ಲವೆಂದು ತರಕಾರಿ ಮಾರುವ ಹೆಣ್ಣುಮಕ್ಕಳು ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯದೆ ಕೂರುತ್ತಿದ್ದರು. ಹಾಗಾಗಿ ಆ ಫೈಲೆಂದರೆ ನನಗೆ ಸ್ವಲ್ಪ ಪ್ರೀತಿಯೇ. ಈಗ ಮೂರೂ ಕಡೆ ಬಾಗಿಲು ತೆರೆದಿವೆ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾವು ಪಟ್ಟ ಪಾಡು!

೧. ಆಯಿಯ ಪ್ರಶ್ನೆ

ಮೂಡಲಗಿಯಲ್ಲಿ ಜನರ ಸಭೆ. ದೊಡ್ಡ ಊರಿನಿಂದ ಬಂದ ಸಲಹೆಗಾರರು ಪರದೆಯ ಮೇಲೆ ಚಿತ್ರ ಬಿಟ್ಟು ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ ಎಂದರೇನು ಅಂತ ಒಂದು ತಾಸು ವಿವರಿಸಿದರು. ಮುಂದೆ ಕೂತವರು ತೂಕಡಿಸತೊಡಗಿದರು. ಕೊನೆಗೆ ಬದನೆಕಾಯಿ ಮಾರುವ ಮುದುಕಿ, ಊರಿಗೆಲ್ಲ ಆಯಿ, ಎದ್ದು ನಿಂತಳು.

“ಹೊಲಾ ನಮ್ದು, ದುಡಿಮಿ ಇನ್ನೊಬ್ಬರ್ದು. ಹೊಲಾ ಪಾಲಿಗಿ ಹಾಕಿದಂಗ ಅನ್ನ್ರಿ.”

ಸಲಹೆಗಾರರು ನನ್ನ ಮುಖ ನೋಡಿದರು. “ಹೌದ ಆಯಿ, ಹಂಗ,” ಎಂದೆ.

“ಪಾಲಿಗಿ ಹಾಕೀನಂತ ಮನ್ಯಾಗ ಮಲಗಿದ್ರ ನಡಿಯಂಗಿಲ್ರಿ. ಹೋಗಿ ನೋಡಬೇಕು. ನೀವು ಬರ್ತೀರೇನ್ರಿ ನೋಡಾಕ?”

“ವಾರಕ್ಕೊಮ್ಮೆ ಬರ್ತೇವಿ,” ಎಂದರು ನಮ್ಮ ಸಾಹೇಬರು.

ಆಯಿ ಅವರ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. “ಹೊರಗ ನಿಂತ ನೋಡಬ್ಯಾಡ್ರಿ ಮತ್ತ. ಒಳಗ ಕುಂತ ಬರ್ರಿ.”

೨. ಬಂದವರು ಒಬ್ಬರೇ

ಟೆಂಡರ್ ಹಾಕುವ ಮೊದಲು ಗುತ್ತಿಗೆದಾರರು ಬಂದು ಸಂಶಯ ಕೇಳಲಿ ಎಂದು ಹುಕ್ಕೇರಿಯಲ್ಲಿ ಸಭೆ ಕರೆದೆವು. ಹನ್ನೊಂದಾಯಿತು, ಹನ್ನೆರಡಾಯಿತು, ಒಬ್ಬರೂ ಇಲ್ಲ. ಅಷ್ಟರಲ್ಲಿ ಕಾಗದಪತ್ರದ ಚೀಲ ಹಿಡಿದ ಹಿರಿಯರೊಬ್ಬರು ಬಾಗಿಲಲ್ಲಿ ಇಣುಕಿದರು. ಸಾಹೇಬರು ತಾವೇ ಎದ್ದು ಹೋಗಿ ಕೈ ಹಿಡಿದು ಕರೆತಂದರು. ಚಹಾ ಬಂತು, ಅವಲಕ್ಕಿ ಬಂತು. ನಕ್ಷೆ ಬಿಚ್ಚಿ ಎಲ್ಲ ತೋರಿಸಿದೆವು.

ಅವರು ಬಹಳ ಹೊತ್ತು ನೋಡಿ, “ಹೆಣ್ಮಕ್ಕಳ ಬಾಗಿಲಾ ರಸ್ತೆ ಕಡೆ ಯಾಕ್ರಿ? ಈ ಬಾಜೂ ಇಟ್ಟ್ರ ಆಗೂದಿಲ್ಲೇನು?” ಎಂದರು.

ಖರೆ! ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಅಲ್ಲೇ ಪೆನ್ಸಿಲ್ ತೆಗೆದು ಬಾಗಿಲು ತಿರುಗಿಸಿದೆ. ಸಾಹೇಬರು ಹಿಗ್ಗಿ, “ಇಂಥಾ ಗುತ್ತಿಗೆದಾರ ಸಿಗಬೇಕ್ರಿ. ಟೆಂಡರ್ ಯಾವಾಗ ಹಾಕ್ತೀರಿ?” ಎಂದರು.

“ಅದೇನ ಗೊತ್ತಿಲ್ರಿ ನನಗ. ಮೊಮ್ಮಗಳ ಜನನ ದಾಖಲೆ ಒಯ್ಯಾಕ ಬಂದೇನ್ರಿ. ಆದ್ರ ಇಷ್ಟ ಛಲೋ ಮಾತಾಡ್ಸೂ ಆಫೀಸ ಜನ್ಮದಾಗ ನೋಡಿಲ್ರಿ.”

೩. ಹಡಗು

ಗೋಕಾಕದ ಸಂತೆಯದನ್ನು ಘಟಪ್ರಭಾದ ಸಣ್ಣ ಗುತ್ತಿಗೆದಾರರೊಬ್ಬರು ಒಪ್ಪಿಕೊಂಡರು. ಬಲು ನಿಯತ್ತಿನ ಮನುಷ್ಯ. ಕರಾರು ಪತ್ರದ ಮಾದರಿ ಮೇಲಿನಿಂದ ಬಂದದ್ದು. ಯಾವುದೋ ಬಂದರಿಗೆ ಬರೆದದ್ದರಲ್ಲಿ ಹೆಸರಷ್ಟೇ ಬದಲಿಸಿದ್ದರು. ನಮ್ಮಲ್ಲಿ ಯಾರೂ ಕೊನೆಯವರೆಗೆ ಓದಿರಲಿಲ್ಲ. ಅವರು ಮಾತ್ರ ಮಗಳ ಕೈಲಿ ಪೂರ್ತಿ ಓದಿಸಿಕೊಂಡು ಬಂದಿದ್ದರು. ಸಹಿಯ ದಿನ ಸಂಕೋಚದಿಂದ ಕೇಳಿದರು:

“ಸಾಹೇಬ್ರ, ಹಡಗ ಬಂದ್ರ ಹಗ್ಗಾ ಕಟ್ಟಿ ನಿಲ್ಲಿಸೂ ಜವಾಬ್ದಾರಿ ನಂದ ಅಂತ ಬರದೈತ್ರಿ. ಪಾಯಖಾನಿ ಮುಂದ ಎಲ್ಲಿ ಕಟ್ಟಲಿ?”

ಸಾಹೇಬರು ಮುಖಕ್ಕೆ ಫೈಲು ಅಡ್ಡ ಹಿಡಿದರು. ನನಗೆ ನಗುವಿಗಿಂತ ನಾಚಿಕೆಯೇ ಹೆಚ್ಚಾಯಿತು. ಯಾಕೆಂದರೆ ಅದೇ ಪತ್ರದಲ್ಲಿ, ನೀರಿನ ನಳ ಎಳೆದುಕೊಡುವುದು ಸರ್ಕಾರದ ಕೆಲಸ ಅಂತಲೂ ಇತ್ತು. ಅದಕ್ಕಾಗಿ ಅವರು ಮೊದಲೇ ಕೊಟ್ಟಿದ್ದ ಅರ್ಜಿ ನಮ್ಮಲ್ಲೇ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಪಾಪ, ಅವರು ಆರು ಸಲ ಬಂದು ಕೇಳಿ ಹೋಗಿದ್ದರು.

“ತಪ್ಪಾಗೇತ್ರಿ ಕಾಕಾ, ಆ ಹಡಗಿನ ಸಾಲು ಈಗ ಹೊಡದ ಹಾಕ್ತೇನಿ,” ಎಂದು ಪೆನ್ನು ತೆಗೆದೆ.

ಅವರು ಗಾಬರಿಯಾಗಿ ನನ್ನ ಕೈ ಹಿಡಿದರು.

“ಬ್ಯಾಡ್ರಿ, ಇರ್ಲಿ ಬಿಡ್ರಿ! ಹಡಗ ಬರ್ತೈತಿ ಅಂದ್ರ ನೀರಾದ್ರೂ ಬರ್ತಾವಲ್ರಿ!”