ಸೋಸದ ಟೀಯ ಭವಿಷ್ಯ

ಗಂಡಿನ ಕಡೆಯವರು ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಟೀ ಕುಡಿದು, "ಊರಿಗೋಗಿ ತಿಳಿಸ್ತೀವಿ" ಎಂದು ಎದ್ದು ಹೋದ ಮೇಲಿನ ದಿನಗಳಿವೆಯಲ್ಲ, ಅವನ್ನು ಕಳೆಯುವುದು ನನ್ನ ಕೈಲಾಗದ ಕೆಲಸ. ಫೋನು ಬಡಿದುಕೊಂಡರೆ ಒಲೆಯ ಮೇಲಿನ ಹಾಲು ಬಿಟ್ಟು ಓಡುತ್ತೇನೆ. ಆ ಕಡೆಯಿಂದ ಯಾವುದೋ ಹುಡುಗಿ, "ಸೈಟು ಬೇಕಾ ಮೇಡಂ?" ಹಾಲು ಉಕ್ಕಿ ಹೋಗಿರುತ್ತದೆ.

ಆದ್ದರಿಂದ ನನ್ನ ಮೈದುನನ ಮಗಳು ಚೈತ್ರಾಳನ್ನು ನೋಡಲು ಹೊಸ ಅಗ್ರಹಾರದವರು ಹುಣಸೂರಿನ ನಮ್ಮ ಮನೆಗೇ ಬರುತ್ತಾರೆಂದಾಗ, ಉತ್ತರವನ್ನು ನಿಂತ ನಿಲುವಿನಲ್ಲೇ ತಿಳಿಯಲು ತೀರ್ಮಾನಿಸಿದೆ. ವಿದ್ಯೆ ಸಿದ್ಧವಿತ್ತು. ಮೊಬೈಲಿನಲ್ಲಿ ಕಲಿತಿದ್ದೆ! ಚೀನಾದ ಟೀ ಹಡಗು ಹತ್ತಿ ಯುರೋಪಿಗೆ ಹೋಗಿ, ಅಲ್ಲಿನ ಹೆಂಗಸರ ಕೈಯಲ್ಲಿ ಭವಿಷ್ಯ ಹೇಳಲು ಶುರುಮಾಡಿತಂತೆ. ಟೀ ಸೋಸಬಾರದು. ಕೊನೆಯ ಗುಟುಕು ಉಳಿಸಿ, ಕಪ್ಪನ್ನು ಎಡಗೈಯಲ್ಲಿ ತಿರುಗಿಸಿ, ಸಾಸರಿನ ಮೇಲೆ ಬೋರಲು ಹಾಕಬೇಕು. ಒಳಗೆ ಅಂಟಿದ ಎಲೆಗಳು ಮುಂದಾಗುವುದನ್ನೆಲ್ಲ ಚಿತ್ರ ಬರೆದು ತೋರಿಸುತ್ತವೆ. ಹಿಡಿಯ ಹತ್ತಿರ ಮನೆಯ ವಿಷಯ, ಅಂಚಿನಲ್ಲಿ ಇವತ್ತು ನಾಳೆ, ತಳದಲ್ಲಿ ದೂರದ ಕಾಲ. ಇಂಥ ಶಾಸ್ತ್ರವನ್ನು ನಮ್ಮವರು ಸೋಸಿ ಚೆಲ್ಲಿಬಿಟ್ಟಿದ್ದಾರಲ್ಲ!

ಆ ದಿನ ಅವರು ಬರುವುದು ತಡವಾಯಿತು. ನಾನು ಬಾಗಿಲಿಗೂ ಒಲೆಗೂ ನಡೆದೇ ನಡೆದೆ.

"ಒಂದ್ಕಡೆ ಕೂತ್ಕಳೇ. ನಿನ್ನ ನೋಡಕ್ಕೆ ಬತ್ತಾವ್ರಾ?" ಎಂದರು ನಮ್ಮ ಯಜಮಾನರು.

ಕೊನೆಗೂ ಬಂದರು. ಹುಡುಗ, ಅವನ ತಾಯಿ, ಹಣೆ ತುಂಬ ವಿಭೂತಿಯ ತಂದೆ. ಷೋಕೇಸಿನ ಪಿಂಗಾಣಿ ಕಪ್ಪುಗಳಿಗೆ ಸೋಸದ ಟೀ ಸುರಿದು, ಚೈತ್ರಾಳ ಕೈಗೆ ಟ್ರೇ ಕೊಟ್ಟೆ. ಎಡವಟ್ಟಾದದ್ದೇ ಅಲ್ಲಿ. ಟ್ರೇ ಹಿಡಿದು ಬಂದವಳೇ ಟೀ ಮಾಡಿದವಳು ಎಂಬುದು ನಮ್ಮ ಕಡೆ ಅನಾದಿಕಾಲದ ನಂಬಿಕೆ. ಹುಡುಗಿಯ ಕೈಗುಣ ಅಳೆಯುವುದೇ ಅದರಿಂದ. ಇದು ನನಗೆ ನೆನಪಾದದ್ದು, ಹುಡುಗನ ತಾಯಿ ನಾಲಿಗೆಯ ತುದಿಯಿಂದ ಚರಟ ತೆಗೆದಾಗ.

"ಏನವ್ವ, ಟೀ ಸೋಸೋದು ಕಲ್ತಿಲ್ವಾ?" ಎಂದು ಆಕೆ ಚೈತ್ರಾಳನ್ನು ಕೇಳಿದರು.

ಚೈತ್ರಾ ನನ್ನನ್ನು ನೋಡಿದಳು. ಕೂಸಿನ ಮದುವೆ ನನ್ನ ಚರಟದಲ್ಲಿ ಮುಳುಗುತ್ತಿತ್ತು!

"ಅವಳಲ್ಲ ಕಣ್ರೀ, ಮಾಡಿದ್ದು ನಾನು! ಬೇಕಂತ್ಲೇ ಸೋಸಿಲ್ಲ. ಭವಿಷ್ಯ ಗೊತ್ತಾಗುತ್ತೆ. ಎಡಗೈಲಿ ತಿರುಗ್ಸಿ ಬೋರಲಾಕಿ."

"ಒಳ್ಳೆ ಕೆಲ್ಸಕ್ಕೆ ಬಂದಿರೋ ಮನೇಲಿ ಎಡಗೈಯಾ? ಬೋರಲಾ?" ಆಕೆ ಗಂಡನ ಕಡೆ ತಿರುಗಿದರು. ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಭ್ಯಾಸದಂತೆ ಟೀಯನ್ನು ಸಾಸರಿಗೆ ಬಗ್ಗಿಸಿ, ಸೊರ್ರನೆ ಎಳೆದು, ತಮ್ಮ ಭವಿಷ್ಯವನ್ನೆಲ್ಲ ನುಂಗಿ ಕೆಮ್ಮುತ್ತಿದ್ದರು!

ಹುಡುಗ ಪಾಪ, ಮರ್ಯಾದಸ್ಥ. ಹೇಳಿದಂತೆ ಮಾಡಿ ಕಪ್ಪನ್ನು ನನಗೆ ಕೊಟ್ಟ. ಇಣುಕಿದೆ. ಮೊಬೈಲಿನಲ್ಲಿ ತೋರಿಸಿದ್ದು ಉದ್ದುದ್ದ ಎಲೆ. ನಮ್ಮದು ಅಂಗಡಿಯ ಟೀ ಪುಡಿ. ಕಪ್ಪಿನ ತುಂಬ ಮಳೆ ಬಿದ್ದ ಸಂತೆಮಾಳದ ಕೆಸರು! ಆದರೂ ಬಾಯಿ ಸುಮ್ಮನಿರಬೇಕಲ್ಲ?

"ಹಾವಿನ ಥರ ಏನೋ..."

"ಹಾವಾ! ನಾಗದೋಷನಾ?" ತಾಯಿ ಎದ್ದೇ ನಿಂತರು.

"ಇಲ್ಲ ಇಲ್ಲ, ರಸ್ತೆ! ಮನೆಯಿಂದ ಆಚೆಗೆ ಹೋಗ್ತಾ ಇದೆ."

"ಅಂದ್ರೆ ಮದ್ವೆ ಆಯ್ತಿದ್ದಂಗೆ ನನ್ ಮಗ ಬ್ಯಾರೆ ಮನೆ ಮಾಡ್ತಾನಾ?"

ಯಜಮಾನರು ಹಣೆ ಹಿಡಿದುಕೊಂಡರು. "ಬುಡೇ ಸಾಕು! ಇನ್ನೊಂದ್ಗಳಿಗೆ ನೋಡುದ್ರೆ ಡೈವೋರ್ಸೂ ಕಾಣ್ತದೆ."

ಆಗ ಚೈತ್ರಾ ಬಂದು ಕಪ್ಪು ಕಿತ್ತುಕೊಂಡಳು. "ಕೊಡಿ ದೊಡ್ಡಮ್ಮ, ತೊಳೀಬೇಕು."

ಹುಡುಗನ ಭವಿಷ್ಯ ನಲ್ಲಿಯ ಕೆಳಗೆ ಹರಿದುಹೋಯಿತು. ಅವನು ಮೊದಲ ಸಲ ನಕ್ಕ. ಸ್ವಲ್ಪ ಹೊತ್ತಿಗೆ ಅವಳು ಏಲಕ್ಕಿ ಜಜ್ಜಿ ಹಾಕಿ, ಸೋಸಿದ ಟೀಯನ್ನು ಸ್ಟೀಲ್ ಲೋಟದಲ್ಲಿ ತಂದಳು. ತಂದೆಯ ಕೆಮ್ಮು ನಿಂತಿತು. ತಾಯಿ ಕೂತರು. ಇನ್ನರ್ಧ ಲೋಟ ಕೇಳಿ ಕುಡಿದರು. ಆಮೇಲೆ ನಮ್ಮ ಯಜಮಾನರ ಪಕ್ಕ ಕೂತಿದ್ದ ನನ್ನ ಮೈದುನನಿಗೆ ಹೇಳಿದರು:

"ಹುಡ್ಗಿ ನಮ್ಗೆ ಒಪ್ಗೆ ಕಣಪ್ಪ. ಆದ್ರೆ ಮದ್ವೇಲಿ ಈಯಮ್ಮನ್ನ ಅಡ್ಗೆಮನೆ ಅತ್ರ ಬುಟ್ಕೋಬೇಡಿ."

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವ ಹುದ್ದೆಗೆ ನನ್ನನ್ನು ಸರ್ವಾನುಮತದಿಂದ ನೇಮಿಸಲಾಯಿತು. ಪನ್ನೀರಿನಲ್ಲಿ ಚರಟ ಇರುವುದಿಲ್ಲವಲ್ಲ!