ಮನಸ್ಸು ಮುರಿದವರ ನಿರಾಕ್ಷೇಪಣಾ ಪತ್ರ

ಸರ್ಕಾರಿ ರಂಗಮಂದಿರದಲ್ಲಿ ಹೆಂಗಸೊಬ್ಬಳೇ ಹಾಡಿ ಅಭಿನಯಿಸುವ ವಿರಹದ ಒಪೆರಾಗಳಿಗೆ, ಆಕೆಯ ಮನಸ್ಸು ಮುರಿದ ವ್ಯಕ್ತಿಯ ನಿರಾಕ್ಷೇಪಣಾ ಪತ್ರವನ್ನು ಲಗತ್ತಿಸತಕ್ಕದ್ದು. ಸದರಿ ವ್ಯಕ್ತಿ ಮೃತಪಟ್ಟಿದ್ದಲ್ಲಿ ಮಾತ್ರ ವಿನಾಯಿತಿ ಉಂಟು.

ಗಾಯಕಿಗೆ ವಿನಾಯಿತಿ ಸಿಗಲಿಲ್ಲ. ಅವಳನ್ನು ಬಿಟ್ಟುಹೋದ ಸರ್ವೇಯರ್ ಎರಡು ಬೀದಿ ಆಚೆ ಗುಂಡುಕಲ್ಲಿನಂತಿದ್ದ. ಮೂರು ವರ್ಷ ಕೂತು ತಾನೇ ಬರೆದು, ತಾನೇ ರಾಗ ಕೂಡಿಸಿದ ಒಪೆರಾ ಅವಳದು. ರಂಗಮಂದಿರ ಸಿಕ್ಕಿದ್ದು ಒಂದೇ ದಿನ. ಅದು ತಪ್ಪಿದರೆ ಮುಗಿಯಿತು. ಮುಂದಿನ ತಿಂಗಳಿಂದ ರಂಗಮಂದಿರ ಹಳೇ ಕಡತಗಳ ಗೋದಾಮು.

"ಅವನ ಮುಖ ನೋಡಲ್ಲ ಅಂತಾನೇ ಇದರ ಕೊನೇ ಹಾಡು," ಎಂದಳು ರಂಗಮಂದಿರದ ಗುಮಾಸ್ತನಿಗೆ.

"ಹಾಡಲ್ಲಿ ನೋಡ್ಬೇಡಿ ಮೇಡಂ. ಸಹಿಗೆ ಮಾತ್ರ ನೋಡಿ," ಎಂದು ಗುಮಾಸ್ತ ನಮೂನೆ ಕೊಟ್ಟ.

ಸರ್ವೇಯರ್ ಒಲ್ಲೆ ಎನ್ನಲಿಲ್ಲ. ಆದರೆ ಅಳೆಯದೆ ಯಾವುದಕ್ಕೂ ಸಹಿ ಹಾಕಿದ ಗಂಡಸಲ್ಲ. ಹಸ್ತಪ್ರತಿಯನ್ನು ವಾರವಿಡೀ ಇಟ್ಟುಕೊಂಡು, ಪ್ರತಿ ಸಾಲಿಗೂ ಕೆಂಪು ಶಾಯಿಯ ಟಿಪ್ಪಣಿಯೊಡನೆ ಪರಿಶೀಲನಾ ಸಮಿತಿಗೆ ಕಳಿಸಿದ. 'ಮುಸ್ಸಂಜೆಯಲಿ ತೊರೆದೆ': ಸರಿಯಲ್ಲ, ಮಧ್ಯಾಹ್ನ ಮೂರೂವರೆ. 'ತಿರುಗಿಯೂ ನೋಡಲಿಲ್ಲ': ಗೇಟಿನ ಬಳಿ ಒಮ್ಮೆ ತಿರುಗಿದ್ದೇನೆ, ಕೊಡೆ ಮರೆತಿತ್ತು. 'ಕಣ್ಣೀರ ಕಡಲು': ಸ್ಥಳ ಪರಿಶೀಲನೆ ಆಗಬೇಕು.

ಸಮಿತಿ ಇಬ್ಬರನ್ನೂ ಕರೆಸಿತು. ಏಳು ವರ್ಷ 'ಬಾರೇ, ಹೋಗೇ' ಎಂದಿದ್ದವನು ಅಲ್ಲಿ ಬಹುವಚನಕ್ಕೆ ಏರಿದ್ದ.

"ನೀವು ಅತ್ತಿದ್ದನ್ನ ನಾನು ನೋಡಿಲ್ಲ."

"ನೋಡೋಕೆ ನೀನಿದ್ದಿದ್ರೆ ನಾನ್ಯಾಕೋ ಅಳ್ತಿದ್ದೆ?"

ಅಳುವಿಗೆ ಸಾಕ್ಷಿಯಿಲ್ಲವೆಂದು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿದರು. ತಕರಾರಿರುವ ಸಾಲುಗಳನ್ನು ಕೈಬಿಟ್ಟು ಉಳಿದದ್ದನ್ನು ಮಂಜೂರು ಮಾಡಲಾಯಿತು. ಉಳಿದದ್ದು ಆಲಾಪ ಮಾತ್ರ. 'ಆ' ಎಂಬುದರಲ್ಲಿ ಯಾರ ಮಾನಹಾನಿಯೂ ಇಲ್ಲವೆಂದು ಕಾನೂನು ಸಲಹೆಗಾರರು ಅಭಿಪ್ರಾಯಪಟ್ಟರು. ಸರ್ವೇಯರ್ ಸಹಿ ಹಾಕಿದ.

ಮನೆಗೆ ಬಂದು ಗಾಯಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಮ್ಮ ಪಕ್ಕದಲ್ಲಿ ಕೂತರು. "ಮಾತು ಅವರೇ ಇಟ್ಕೊಳ್ಳಲಿ ಬಿಡೇ. ಗಂಟಲು ಬಿಟ್ಟಿದಾರಲ್ಲ."

ಪ್ರದರ್ಶನದ ದಿನ ಗಾಯಕಿ ಐವತ್ತು ನಿಮಿಷ 'ಆ' ಎಂದಳು. ಮಾತಿಲ್ಲದ ಕಡೆ ಜನ ತಮ್ಮತಮ್ಮ ಮಾತು ತುಂಬಿಕೊಂಡರು. ಗುಮಾಸ್ತ ಕಂಬದ ಮರೆಗೆ ಹೋಗಿ ಬಿಕ್ಕಿದ. ಅಧ್ಯಕ್ಷರ ಹೆಂಡತಿ ಕಣ್ಣೊರೆಸಿಕೊಂಡು ಗಂಡನನ್ನು ಒಂದು ಸಲ ನೋಡಿದರು. ಅಧ್ಯಕ್ಷರು ಮೇಲ್ಛಾವಣಿ ಪರಿಶೀಲಿಸಿದರು.

ಮರುದಿನ ಸರ್ವೇಯರನ ದೂರು ಬಂತು: ಆ ಆಲಾಪದಲ್ಲಿ ತನ್ನ ಬಗ್ಗೆ ಹೇಳಿದ್ದೆಲ್ಲ ಸತ್ಯ, ಆದರೆ ತಾನು ಸಹಿ ಹಾಕಿದ್ದು ಅದಕ್ಕಲ್ಲ. ಸಂಜೆಯೊಳಗೆ ಪ್ರೇಕ್ಷಕರಿಂದ ಇಂಥವೇ ಇನ್ನೂರು ದೂರುಗಳು. ಪ್ರತಿಯೊಬ್ಬರ ಮನೆಯ ಗುಟ್ಟನ್ನೂ ಗಾಯಕಿ ಬೀದಿಗೆ ತಂದಿದ್ದಳು.

ಸಮಿತಿ ತುರ್ತಾಗಿ ಸೇರಿ ನಿಯಮ ತಿದ್ದಿತು. ಇನ್ನು ಮುಂದೆ ನಿರಾಕ್ಷೇಪಣಾ ಪತ್ರವನ್ನು ಪ್ರೇಕ್ಷಕರೇ ತರತಕ್ಕದ್ದು. ಅವರವರ ಮನಸ್ಸು ಮುರಿದವರಿಂದ. ದೂರು ಕೊಟ್ಟವರೇ ಮತ್ತೆ ಕೇಳಬೇಕೆಂದು ಬಂದು ಬೇಡಿಕೆ ಹೆಚ್ಚಿದ್ದರಿಂದ ಗೋದಾಮಿನ ಆದೇಶ ರದ್ದಾಗಿ, ಪ್ರದರ್ಶನ ದಿನವಹಿ ಆಯಿತು.

ಈಗ ಗಾಯಕಿ ದಿನಾ ಹಾಡುತ್ತಾಳೆ. ಬಾಗಿಲು ತೆರೆಯುವ ಹೊತ್ತಿಗೆ ಜನ ಕಾಗದ ಹಿಡಿದು ಶಿಸ್ತಾಗಿ ಸಾಲು ನಿಂತಿರುತ್ತಾರೆ. ಎಲ್ಲರಿಗಿಂತ ಮುಂದೆ ಅಧ್ಯಕ್ಷರ ಹೆಂಡತಿ. ಅವರ ಪತ್ರಕ್ಕೆ ಅಧ್ಯಕ್ಷರೇ ಸಹಿ ಮಾಡಿ, ಮೊಹರೂ ಒತ್ತಿದ್ದಾರೆ.