ಸುಂದರಬಾಯಿಯ ಮನಿಯ ನಕಲು

ಯಾವ ಕಾಗದಕ್ಕೆ ನಕಲು ಇಲ್ಲವೋ ಆ ಕಾಗದವು ಸರ್ಕಾರದ ದೃಷ್ಟಿಯಲ್ಲಿ ಅರ್ಧ ಮಾತ್ರ ಅಸ್ತಿತ್ವದಲ್ಲಿರುತ್ತದೆ. ಈ ತತ್ವಕ್ಕೆ ಅನುಸಾರವಾಗಿ, ಬಸವಕಲ್ಯಾಣದಲ್ಲಿದ್ದ ಮನೆ-ಜಾಗೆಗಳ ಅಸಲು ದಫ್ತರಗಳನ್ನು ವರ್ಷಕ್ಕೊಮ್ಮೆ ತರಿಸಿ ನಕಲು ಮಾಡಿ ಇಡಲು ಹುಮನಾಬಾದಿನಲ್ಲಿ ಒಂದು ನಕಲು ಕಚೇರಿಯನ್ನು ಸ್ಥಾಪಿಸಲಾಯಿತು. ಕಲ್ಯಾಣಕ್ಕೆ ಬೆಂಕಿ ಬಿದ್ದರೆ ಹುಮನಾಬಾದಿನ ಪ್ರತಿ ಉಳಿಯುತ್ತದೆ, ಹುಮನಾಬಾದಿಗೆ ಬಿದ್ದರೆ ಕಲ್ಯಾಣದ್ದು ಉಳಿಯುತ್ತದೆ, ಎರಡಕ್ಕೂ ಒಂದೇ ದಿನ ಬಿದ್ದರೆ ಕಾಗದ ಕೇಳುವವರೇ ಉಳಿಯುವುದಿಲ್ಲವಾದ್ದರಿಂದ ಚಿಂತೆಗೆ ಕಾರಣವಿಲ್ಲ ಎಂದು ಸ್ಥಾಪನಾ ಆದೇಶದಲ್ಲಿ ಸ್ಪಷ್ಟಪಡಿಸಲಾಗಿತ್ತು.

ನಾನು ದಿಗಂಬರ, ಆ ಕಚೇರಿಯ ಸಾಮರ್ಥ್ಯ ಮತ್ತು ವೇಗ ಅಧೀಕ್ಷಕ. ಇಂಥ ಹುದ್ದೆ ಇಡೀ ರಾಜ್ಯದಲ್ಲಿ ಇದೊಂದೇ ಇತ್ತು. ಯಾಕೆ ಒಂದೇ ಇತ್ತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಕುರ್ಚಿಗೆ ತೋಳುಗಳಿದ್ದವು, ಅಷ್ಟಕ್ಕೇ ಉಬ್ಬಿಹೋದೆ. ಮುಂದಿನ ವರ್ಷ ಎಷ್ಟು ನಕಲು ಬರುತ್ತದೆ, ಅದಕ್ಕೆ ಎಷ್ಟು ಅಲಮಾರಿ ಬೇಕು, ಬರೆಯುವ ಕೈ ಎಷ್ಟು ಜೋರಾಗಿ ಓಡಬೇಕು, ಇಷ್ಟನ್ನು ಮೊದಲೇ ಅಂದಾಜು ಮಾಡುವುದು ನನ್ನ ಕೆಲಸ.

ಅಂದಾಜಿಗೆ ನಾನೊಂದು ಶಾಸ್ತ್ರವನ್ನೇ ಕಟ್ಟಿದೆ. ನಮ್ಮ ಕಡೆ ಮದುವೆಯಾದರೆ ಸೊಸೆ ಬರುತ್ತಾಳೆ, ಸೊಸೆ ಬಂದರೆ ಅಣ್ಣತಮ್ಮಂದಿರ ನಡುವೆ ಮಾತು ಬರುತ್ತದೆ, ಮಾತು ಬಂದರೆ ಮನೆಯ ನಡುವೆ ಗೋಡೆ ಬರುತ್ತದೆ, ಗೋಡೆ ಬಂದರೆ ದಫ್ತರದಲ್ಲಿ ಹೊಸ ಪುಟ ಬರುತ್ತದೆ. ಆದ್ದರಿಂದ ಮದುವೆ ಹಂಗಾಮಿನಲ್ಲಿ ನಕಲುಗಾರ ಮೊಹಿನುದ್ದೀನನನ್ನು ಹಂದರ ಎಣಿಸಲು ಕಳಿಸುತ್ತಿದ್ದೆ. ಅವನು ಎಲ್ಲ ಕಡೆ ಉಂಡು, ಎಲೆ-ಅಡಿಕೆ ಹಾಕಿಕೊಂಡು ಬಂದು, "ಈ ಸಲ ಭಾಳ ಗ್ವಾಡಿ ಏಳ್ತಾವ ಸಾಹೇಬ್" ಎಂದು ವರದಿ ಕೊಡುತ್ತಿದ್ದ. ವರದಿಯನ್ನು ನಾನು ಮೂರು ಪ್ರತಿಗಳಲ್ಲಿ ಮೇಲಕ್ಕೆ ಕಳಿಸುತ್ತಿದ್ದೆ.

ಅಷ್ಟರಲ್ಲಿ ಮೇಲಿನ ಕಚೇರಿಗೆ ಒಂದು ಸೂಕ್ಷ್ಮ ಹೊಳೆಯಿತು. ನಕಲು ಕೂಡ ಒಂದು ಕಾಗದವೇ ಆದ್ದರಿಂದ ಅದಕ್ಕೂ ನಕಲು ಇರತಕ್ಕದ್ದು. ನಾವು ನಕಲಿನ ನಕಲು ಶುರು ಮಾಡಿದೆವು. ಅಲಮಾರಿಗಳು ಸಾಲದಾದವು. ನಾನು ಲೆಕ್ಕ ಹಾಕಿ, ಕಲ್ಯಾಣದಲ್ಲಿ ಅಸಲುಗಳು ಕಬ್ಬಿಣದ ಅಲಮಾರಿಗಳಲ್ಲಿ ಸುಮ್ಮನೆ ಕೂತಿರುವುದನ್ನು ಪತ್ತೆ ಹಚ್ಚಿದೆ. ಅಸಲಿಗೆ ಏನಾದರೂ ಆದರೆ ನಕಲು ಇದೆ, ನಕಲಿಗೆ ಏನಾದರೂ ಆದರೆ ನಮ್ಮ ನೌಕರಿಗೇ ಸಂಚಕಾರ. ಆದ್ದರಿಂದ ಅಲ್ಲಿಯ ಅಲಮಾರಿಗಳನ್ನು ಲಾರಿಯಲ್ಲಿ ಹುಮನಾಬಾದಿಗೆ ತರಿಸಿದೆ. ಅಸಲುಗಳನ್ನು ಬಟ್ಟೆಯ ಬಸ್ತಾದಲ್ಲಿ ಕಟ್ಟಿ ಕಲ್ಯಾಣದ ಕಚೇರಿಯ ನೆಲದ ಮೇಲೆ ಶಿಸ್ತಿನಿಂದ ಜೋಡಿಸಲಾಯಿತು.

ಇದೇ ಹೊತ್ತಿಗೆ ಕಲ್ಯಾಣದ ಕಡೆಯ ಕೊಹಿನೂರು ಎಂಬ ಹಳ್ಳಿಯಿಂದ ಸುಂದರಬಾಯಿ ಬಂದಳು. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ. ಮೈದುನ ತುಳಜಾರಾಮ ಮನೆ ತನ್ನದೆಂದು ಹಟ ಹಿಡಿದಿದ್ದ.

"ಸಾಹೇಬ್ರ, ಆ ಮನಿ ನನ್ನ ಗಂಡನ ಹೆಸರಿಲೆ ಅದ ಅಂತ ಒಂದ ಕಾಗದ ಬರಕೊಡ್ರಿ. ಕಾಗದ ತೋರ್ಸು, ಇಲ್ಲಂದ್ರ ಕೀಲಿ ಹಾಕ್ತೀನಿ ಅನ್ನಾಕತ್ತಾನ ಮೈದುನ. ಆ ಗ್ವಾಡಿ ಮಣ್ಣ ನಾನೂ ನನ್ನ ಗಂಡ ಕೂಡಿ ತುಳದದ್ದದ್ರಿ."

"ಕಲ್ಯಾಣಕ್ಕ ಹೋಗಿದ್ರೇನು?"

"ಹೋಗಿದ್ದೆರಿ. ದಫ್ತರ ನಕಲಿಗಿ ಹುಮನಾಬಾದಕ್ಕ ಹೋಗ್ಯಾದ ಅಂದ್ರು."

"ಖರೆ ಹೇಳ್ಯಾರ. ನಕಲು ನಡದದ."

ಅವಳು ನನ್ನ ಹಿಂದೆ ಬೆರಳು ತೋರಿಸಿದಳು. "ಆ ಕೆಂಪ ಬಸ್ತಾದ ಮ್ಯಾಲ ಕೊಹಿನೂರ ಅಂತ ಬರದದಂತಲ್ರಿ? ಹೊರಗ ಕುಂತವರು ಓದಿ ಹೇಳಿದ್ರು."

"ಬರದದ. ಆದ್ರ ನಕಲು ಮುಗಿಯೂತನ ಮಂದಿಗಿ ತೋರಸಂಗಿಲ್ಲ ಬಾಯಿ. ನಡುವ ತೋರಿಸಿದ್ರ ಸಾಲು ತಪ್ತದ, ಸಾಲು ತಪ್ಪಿದ್ರ ನಿಮ್ಮ ಮನಿಗೇ ಧೋಕಾ."

"ಹೋದ ವರ್ಷದ ನಕಲರ ತೋರಸ್ರಿ ಮತ್ತ."

"ಅದು ಜೋಪಾನ ಮಾಡಾಕ ಇಟ್ಟದ್ದು. ತೋರಸಾಕ ಇಟ್ಟದ್ದಲ್ಲ."

ಈ ಉತ್ತರ ಕೊಟ್ಟಾಗ ನನಗೆ ನನ್ನ ಬಗ್ಗೆ ಭಾಳ ಗೌರವ ಅನಿಸಿತು. ಸುಂದರಬಾಯಿ ಪಡಸಾಲೆಯಲ್ಲಿ ಹೋಗಿ ಕೂತಳು. ಸಂಜೆ ಬಸ್ಸಿಗೆ ಊರಿಗೆ ಹೋಗಿ ಮತ್ತೆ ಬೆಳಿಗ್ಗೆ ಬರತೊಡಗಿದಳು.

ಅವಳ ಸಲುವಾಗಿಯಾದರೂ ನಕಲು ಬೇಗ ಮುಗಿಯಬೇಕೆಂದು ನಾನು ವೇಗದ ತನಿಖೆಗೆ ಇಳಿದೆ. ಮೊಹಿನುದ್ದೀನನ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತೆ. ಅವನು ಲೇಖನಿಯನ್ನು ಮಸಿಯಲ್ಲಿ ಅದ್ದಿ ತಲೆಗೆ ಒರೆಸುತ್ತಾನೆ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತಾನೆ, ಇವೆಲ್ಲ ಸಣ್ಣ ನಷ್ಟಗಳು. ದೊಡ್ಡ ನಷ್ಟವೆಂದರೆ, ಬರೆಯುವ ಮೊದಲು ಅವನು ಓದುತ್ತಿದ್ದ. ನಕಲುಗಾರರು ಓದತಕ್ಕದ್ದಲ್ಲ ಎಂದು ಕೂಡಲೇ ಆದೇಶ ಹೊರಡಿಸಿದೆ. ಕೆಲಸ ಸ್ವಲ್ಪ ಚುರುಕಾಯಿತು, ಸಾಲಲಿಲ್ಲ.

ಆಗ ಮೊಹಿನುದ್ದೀನ್ ಆಕಳಿಸುತ್ತ ಹೇಳಿದ, "ಸಾಹೇಬ್, ಈ ಮನಿ ಹೋದ ವರ್ಷನೂ ಇವರದೇ, ಈ ವರ್ಷನೂ ಇವರದೇ. ಅದೇ ಹೆಸರು, ಅದೇ ನಾಲ್ಕ ದಿಕ್ಕು, ಎಷ್ಟಂತ ಬರೀಲಿ? ಕೈ ಬಿದ್ದು ಹೋಗಾಕತ್ತದ."

ಅವನು ಹೇಳಿದ್ದು ಮೈಗಳ್ಳತನದಿಂದ. ನಾನು ಅದನ್ನು ಯೋಜನೆಯ ಮಟ್ಟಕ್ಕೆ ಏರಿಸಿದೆ. ಒಂದು ಸಾಲು ಮೇಲಿನ ಸಾಲಿನಂತೆಯೇ ಇದ್ದರೆ ಗುಮಾಸ್ತರು "ಮೇಲಿನಂತೆ" ಎಂದು ಬರೆದು ಕೈ ತೊಳೆದುಕೊಳ್ಳುವುದು ಎಲ್ಲ ಕಚೇರಿಗಳಲ್ಲೂ ಉಂಟು. ಒಂದು ವರ್ಷ ಹಿಂದಿನ ವರ್ಷದಂತೆಯೇ ಇದ್ದರೆ ಅದೇ ಉಪಾಯ ಯಾಕಾಗಬಾರದು? ನನ್ನ ಸುತ್ತೋಲೆ ಹೀಗಿತ್ತು:

"ಈ ಮೂಲಕ ಸಮಸ್ತ ನಕಲುಗಾರರಿಗೆ ತಿಳಿಯಪಡಿಸುವುದೇನೆಂದರೆ, ಹಿಂದಿನ ನಕಲಿಗೂ ಈಗಿನದಕ್ಕೂ ವ್ಯತ್ಯಾಸ ಇಲ್ಲದ ಪಕ್ಷದಲ್ಲಿ 'ಹಿಂದಿನಂತೆ' ಎಂದು ಮಾತ್ರ ಬರೆಯತಕ್ಕದ್ದು. ಮೊದಲನೆಯ ನಕಲಿಗೆ ಹಿಂದಿನದು ಇಲ್ಲದಿರುವುದರಿಂದ, ಅದರಲ್ಲಿ 'ಅಸಲಿನಂತೆ' ಎಂದು ತಿದ್ದುಪಡಿ ಮಾಡಿ ಹೊಸದಾಗಿ ತಯಾರಿಸತಕ್ಕದ್ದು. ಹಳೆಯ ಉದ್ದನೆಯ ನಕಲುಗಳು ಜಾಗ ತಿನ್ನುತ್ತಿರುವುದರಿಂದ ಅವುಗಳನ್ನು ವಿಲೇವಾರಿ ಮಾಡತಕ್ಕದ್ದು."

ಹಳೆಯ ನಕಲುಗಳು ಹುಮನಾಬಾದಿನ ಅಡತಿ ಅಂಗಡಿಗಳಿಗೆ ತೂಕದ ಮೇಲೆ ಹೋದವು. ನಮ್ಮ ಮನೆಗೆ ಬೆಲ್ಲ ಅದರಲ್ಲೇ ಸುತ್ತಿಕೊಂಡು ಬಂತು. ಕಚೇರಿಯಲ್ಲಿ ಗಾಳಿ ಆಡತೊಡಗಿತು. ವರ್ಷದ ನಕಲು ಒಂದು ವಾರದಲ್ಲಿ ಮುಗಿಯಿತು. ನನಗೆ ಶಾಲು ಹೊದಿಸಿ ಮಾಲೆ ಹಾಕಿದರು.

ಇನ್ನು ಸುಂದರಬಾಯಿಗೆ ದಫ್ತರ ತೋರಿಸಬಹುದಿತ್ತು. ಆದರೆ ವರ್ಷದ ಕೆಲಸ ಒಂದು ವಾರದಲ್ಲಿ ಆಗುವುದಾದರೆ ವಾರಕ್ಕೊಮ್ಮೆ ಯಾಕೆ ಮಾಡಬಾರದು ಎಂದು ಮೇಲಿನಿಂದ ಪತ್ರ ಬಂತು. ವಾರಕ್ಕೊಮ್ಮೆ ಶುರುವಾಯಿತು. ದಫ್ತರವು ನಕಲಿನಲ್ಲಿತ್ತು, ಇಲ್ಲವೆ ಬಸ್ಸಿನಲ್ಲಿತ್ತು.

ಒಂದು ದಿನ ಸುಂದರಬಾಯಿ ಟ್ರಂಕು, ಬುಟ್ಟಿ, ರೊಟ್ಟಿ ಸುಡುವ ಹಂಚು ಹೊತ್ತುಕೊಂಡು ಬಂದಳು. "ಕೀಲಿ ಬಿತ್ತರಿ ಸಾಹೇಬ್ರ" ಎಂದಳು. ಅಳಲಿಲ್ಲ. ನನಗೆ ಕನಿಕರ ಬಂತು. ಮನುಷ್ಯನೇ ಅಲ್ಲವೇ ನಾನೂ, ರಜಾ ದಿನಗಳಲ್ಲಾದರೂ. ಕಚೇರಿಯ ಹಳೆಯ ಜಮಖಾನೆಯೊಂದನ್ನು ಅವಳಿಗೆ ತಾತ್ಕಾಲಿಕವಾಗಿ ಮಂಜೂರು ಮಾಡಿದೆ. ಅವಳು ಪಡಸಾಲೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯತೊಡಗಿದಳು. ಒಂದೆರಡು ರೊಟ್ಟಿ ನಮಗೂ ಬರುತ್ತಿದ್ದವು, ತಿನ್ನುತ್ತಿದ್ದೆವು.

ಮಳೆ ಶುರುವಾದ ಮೇಲೆ ಬಸ್ತಾಗಳ ಓಡಾಟ ನಿಂತು ಅಸಲುಗಳು ಕಲ್ಯಾಣದಲ್ಲೇ ಉಳಿದವು; "ಹಿಂದಿನಂತೆ" ಎಂದು ಬರೆಯಲು ಅವು ಬೇಕೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಯಾಣದಿಂದ ಫೋನು ಬಂತು. ನೆಲದ ಮೇಲೆ ಶಿಸ್ತಿನಿಂದ ಜೋಡಿಸಿದ್ದ ಅಸಲುಗಳನ್ನು ಗೆದ್ದಲು ಅಷ್ಟೇ ಶಿಸ್ತಿನಿಂದ ತಿಂದು ಮುಗಿಸಿತ್ತು. ಹೆಂಗಸರು ಹಡೆಯುವ ಸುದ್ದಿಗೆ ಕಾಯುವಂತೆ ನಾವು ಇದಕ್ಕೇ ಇಷ್ಟು ವರ್ಷ ಕಾದಿದ್ದೆವು. ಮೊಹಿನುದ್ದೀನ್ ಪೇಡೆ ತಂದ. "ನಷ್ಟವಾದ ಅಸಲುಗಳನ್ನು ನಕಲುಗಳಿಂದ ಪುನಃ ಎಬ್ಬಿಸುವ ಸಮಾರಂಭ" ಎಂದು ಕರಪತ್ರ ಅಚ್ಚಾಯಿತು. ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ಪ್ರಥಮ ಫಲಾನುಭವಿ ಎಂದು ಸುಂದರಬಾಯಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ. ಅವಳು ಒಗೆದ ಇಳಕಲ್ ಸೀರೆ ಉಟ್ಟು ಬಂದಿದ್ದಳು.

ಅಲಮಾರಿ ತೆಗೆದು ಕೊಹಿನೂರಿನ ಪುಟವನ್ನು ನಾನೇ ಓದಿದೆ. ಈ ವಾರದ ನಕಲಿನಲ್ಲಿ "ಹಿಂದಿನಂತೆ" ಎಂದಿತ್ತು. ಹಿಂದಿನದನ್ನು ತೆಗೆದೆ, ಅಲ್ಲೂ ಅದೇ. ಒಂದೊಂದಾಗಿ ಎಲ್ಲ ಬಸ್ತಾ ಬಿಚ್ಚುತ್ತ ಹೋದೆವು. ಸಾಹೇಬರ ಪೇಡೆ ಮುಗಿಯಿತು, ಚಹಾ ಆರಿತು. ಕೊನೆಗೆ ಎಲ್ಲಕ್ಕಿಂತ ಮೊದಲನೆಯ ನಕಲು ಸಿಕ್ಕಿತು. ಅದರಲ್ಲಿ ದುಂಡಗೆ, ಅಂದವಾದ ಅಕ್ಷರಗಳಲ್ಲಿ "ಅಸಲಿನಂತೆ" ಎಂದಿತ್ತು.

"ಅಸಲದಾಗ ಏನಿತ್ತರಿ?" ಎಂದಳು ಸುಂದರಬಾಯಿ.

"ಅದನ್ನ ಗೆದ್ದಲ ತಿಂದಾವ ಬಾಯಿ."

ಸಾಹೇಬರು ಗಂಟಲು ಸರಿಪಡಿಸಿಕೊಂಡು, ಅಸಲಿಗೂ ನಕಲಿಗೂ ಎಲ್ಲಿಯಾದರೂ ವ್ಯತ್ಯಾಸ ಕಂಡುಬಂದಿದೆಯೇ ಎಂದು ಕೇಳಿದರು. ಎಲ್ಲಿಯೂ ಕಂಡುಬಂದಿಲ್ಲ ಎಂದು ನಾನು ಹೇಳಿದೆ. ಅದು ನೂರಕ್ಕೆ ನೂರು ನಿಜವಾಗಿತ್ತು. ಚಪ್ಪಾಳೆ ಬಿತ್ತು. ಸುಂದರಬಾಯಿಯೂ, ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು, ತಟ್ಟಿದಳು.

ಆದರೂ ಮನೆಗಳು ಯಾರಾದರೊಬ್ಬರ ಹೆಸರಿನಲ್ಲಿ ಇರಲೇಬೇಕಲ್ಲ. ಅದಕ್ಕೆ ಸಾಹೇಬರು ಮೊದಲೇ ವ್ಯವಸ್ಥೆ ಮಾಡಿದ್ದರು. ಸಮಾರಂಭದ ದಿನವೇ ಊರೂರಿಗೆ ತನಿಖೆಯವರು ಹೊರಟಿದ್ದರು. ಆ ದಿನ ಯಾವ ಜಾಗದಲ್ಲಿ ಯಾರು ವಾಸವಿರುವುದು ಕಂಡುಬರುತ್ತದೋ ಅವರೇ ಹಕ್ಕುದಾರರು ಎಂಬುದು ನಿಯಮ. ಕೊಹಿನೂರಿನಲ್ಲಿ ತುಳಜಾರಾಮ ತಾನೇ ಹಾಕಿದ ಕೀಲಿ ತೆಗೆದು ಒಳಗೆ ಊಟಕ್ಕೆ ಕೂತಿದ್ದ. ಅತ್ತಿಗೆ ಎಲ್ಲಿ ಎಂದು ಕೇಳಿದ್ದಕ್ಕೆ, "ಆಕಿ ಹುಮನಾಬಾದದಾಗ ಅದಾಳರಿ" ಎಂದ. ಸುಳ್ಳೇನೂ ಹೇಳಲಿಲ್ಲ. ಮನೆ ಅವನ ಹೆಸರಿಗಾಯಿತು.

ಹುಮನಾಬಾದಿನ ತನಿಖೆಯವರು ಸಂಜೆ ನಮ್ಮ ಕಚೇರಿಗೂ ಬಂದರು. ನಾವು ಯಾರೂ ಅಲ್ಲಿ ವಾಸವಿರಲಿಲ್ಲ. ಪಡಸಾಲೆಯಲ್ಲಿ ಒಲೆ ಉರಿಯುತ್ತಿತ್ತು, ಹಗ್ಗದ ಮೇಲೆ ಸೀರೆ ಒಣಗುತ್ತಿತ್ತು. ಅವರು ನಿಯಮದಂತೆ ಬರೆದುಕೊಂಡರು: ನಕಲು ಕಚೇರಿಯ ಪಡಸಾಲೆ, ಹಕ್ಕುದಾರಳು ಸುಂದರಬಾಯಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ದಿಗಂಬರನ ಕುರ್ಚಿ.

ಇದು ತಪ್ಪಾಗಿದೆ, ಕೊಹಿನೂರಿನ ಮನೆಯನ್ನು ಅವಳಿಗೆ ಕೊಟ್ಟು ಪಡಸಾಲೆಯನ್ನು ನಮಗೆ ಕೊಡಬೇಕು ಎಂದು ನಾನು ನಿಜವಾಗಿಯೂ ಕಳಕಳಿಯಿಂದ ಬರೆದೆ. ತಿದ್ದಲು ಹಳೆಯ ಅಸಲನ್ನು ಹಾಜರುಪಡಿಸಿರಿ ಎಂದು ಉತ್ತರ ಬಂತು. ಹಾಜರುಪಡಿಸಲು ನನ್ನ ಹತ್ತಿರ ಬೆಲ್ಲ ಕಟ್ಟಿದ ತುಂಡು ಕೂಡ ಉಳಿದಿರಲಿಲ್ಲ, ಹೆಂಡತಿ ಒಲೆಗೆ ಹಾಕಿದ್ದಳು.

ಈಗ ಎಲ್ಲರಿಗೂ ರೂಢಿಯಾಗಿದೆ. ಬೆಳಿಗ್ಗೆ ನಾವು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, "ಬರ್ಲೇನ್ರಿ ಬಾಯಿ?" ಎಂದು ಕೇಳಿ ಒಳಗೆ ಹೋಗುತ್ತೇವೆ. ಅವಳು ಹಪ್ಪಳ ಒಣಹಾಕಿದ ದಿನ ಕಿಟಕಿಯಿಂದ ಹೋಗುತ್ತೇವೆ. ಮೇಲಿನ ಸಾಹೇಬರು ತಪಾಸಣೆಗೆ ಬಂದಾಗ ಅವರೂ ಕಿಟಕಿಯಿಂದಲೇ ಇಳಿದು, ವ್ಯವಸ್ಥೆ ತೃಪ್ತಿಕರ ಎಂದು ಬರೆದು, ಕಿಟಕಿಯಿಂದಲೇ ಹತ್ತಿ ಹೋದರು. ತುಳಜಾರಾಮ ಆ ಮನೆಯ ಗೋಡೆ ಕೆಡವಿ ಇಟ್ಟಂಗಿಯದು ಕಟ್ಟಿಸಿದನೆಂದು ಯಾರೋ ಹೇಳಿದರು. ಆ ದಿನ ಸುಂದರಬಾಯಿ ಒಲೆ ಹಚ್ಚಲಿಲ್ಲ.

ಮರುದಿನ ನಾನು ಒಳಗೆ ಹೋಗುವಾಗ ಅವಳು ಕರೆದಳು.

"ಸಾಹೇಬ್ರ, ನಾಳಿ ಯಾರರ ಬಂದು ಈ ಪಡಸಾಲಿನೂ ತಮ್ಮದಂದ್ರ, ನಾ ಎಲ್ಲಿ ಹೋಗಿ ಕೇಳಬೇಕರಿ?"

"ಇಲ್ಲೇ ಬರ್ರಿ ಬಾಯಿ," ಎಂದೆ. "ನಾವು ಅದೀವಲ್ಲ."

ಅವಳು ಎದ್ದು ಟ್ರಂಕನ್ನು ಗೋಡೆಗೆ ಸರಿಸಿ, ಪಡಸಾಲೆಯೂ ಕೈತಪ್ಪಿದ ದಿನ ಮತ್ತೆ ಇಲ್ಲೇ ಕೇಳಲು ಬಂದು ಕೂತಾಗ ತನಗೆ ಅನುಕೂಲವಾಗಲೆಂದು, ಒಬ್ಬರು ಕೂಡುವಷ್ಟು ಜಾಗ ಮಾಡಿದಳು.